ಕಾಳಿಗೆ ಕಲ್ಲು, ನಮಗೆ ಒಣಮೀನು

ಹಾಗಲವಾಡಿ ಹೋಬಳಿಯಲ್ಲಿ ಹೊಲದ ಸುತ್ತ ಹಳೇ ಸೀರೆ ಕಟ್ಟುವುದೇಕೆಂದು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಕ್ಷೌರದಂಗಡಿಯಿಂದ ಚೀಲದಲ್ಲಿ ತಂದು ಬದುವಿನ ಮೇಲೆ ಚೆಲ್ಲುವ ಕೂದಲು, ರಾತ್ರಿಯಿಡೀ ನಾಯಿಯಂತೆ ಬೊಗಳುವ ಚೀನಾ ಮೈಕು, ಮುಂಜಾನೆ ಬುಡಮೇಲಾಗಿ ಬಿದ್ದ ಕಡಲೆಕಾಯಿ ಗಿಡ, ಇವೆಲ್ಲ ಗುಬ್ಬಿ ತಾಲ್ಲೂಕಿನವರಿಗೆ ಬಾಯಿಪಾಠ. ತಾಲ್ಲೂಕಿನ ಸಭೆಗಳಲ್ಲಿ ರೈತ ಸಂಘದವರು ಮಾತಾಡಿದ್ದಾರೆ, ಅಧಿಕಾರಿಗಳು ತಲೆಯಾಡಿಸಿದ್ದಾರೆ, ಚಹಾ ಬಂದಿದೆ. ಆರೋಪಿಯಾದ ಕಾಡುಹಂದಿಯನ್ನು ಮಾತ್ರ ಇದುವರೆಗೆ ಯಾರೂ ಕರೆಸಿ ಕೇಳಿಲ್ಲ.

ಅದಕ್ಕೇ ನಮ್ಮ ಅಂಕಣಕಾರರು ಬಳ್ಳಾರಿ ಜಾಲಿಯ ಪೊದೆ ದಾಟಿ, ಕೆರೆಯಂಗಳದ ಕೆಸರುಗುಂಡಿಯ ದಡದಲ್ಲಿ ಟವೆಲ್ ಹಾಸಿ ಕೂತರು. ಅವರ ಮನಸ್ಸಿನಲ್ಲಿದ್ದದ್ದು ಕೋರೆಹಲ್ಲಿನ, ಬೆನ್ನುಗೂದಲು ನಿಮಿರಿಸಿದ ಭಾರಿ ಗಂಡು. ಎದ್ದು ಬಂದದ್ದು ಹರಿದ ಕಿವಿಯ ಒಬ್ಬ ಮುದುಕಿ. ಅವಳ ಹಿಂದೆ ಇಬ್ಬರು ಹೆಣ್ಣುಮಕ್ಕಳು, ಅವರ ಹಿಂದೆ ಮೈಮೇಲೆ ಗೆರೆಗಳಿರುವ ಮರಿಗಳ ಸಾಲು.

"ಯಜಮಾನರು ಇಲ್ವಾ ಅಜ್ಜಿ?"

"ಯಾವ ಯಜಮಾನ? ಹಿಂಡು ನಡೆಸೋರು ನಾವು ಕಣಪ್ಪ. ಗಂಡು ಬೆಳೆದ ಮೇಲೆ ಒಂಟಿ. ಬೇಕಾದಾಗ ಬತ್ತಾನೆ, ಆಮೇಲೆ ತನ್ನ ದಾರಿ ಹಿಡೀತಾನೆ. ಎಲ್ಲಿ ಮೇಯಬೇಕು, ಯಾವ ಹೊಲಕ್ಕೆ ಹೋಗಬಾರದು, ಯಾವ ವಾಸನೆಗೆ ಮೂಗು ಮುಚ್ಚಿಕೋಬೇಕು, ಅದೆಲ್ಲ ನನ್ನ ತಲೆಲೈತೆ. ಏನ್ ಕೇಳಬೇಕೋ ಕೇಳು."

ಅಂಕಣಕಾರರ ಮೊದಲ ಪ್ರಶ್ನೆ ನೇರವಾಗಿತ್ತು. ಹಂದಿ ಹಿಡಿಯುವುದಕ್ಕೆಂದು ಜನ ಏನೇನೋ ಎರೆ ಇಡುತ್ತಾರೆ. ಅವುಗಳಲ್ಲಿ ಯಾವುದಕ್ಕೆ ಮನಸ್ಸು ಸೋಲುತ್ತದೆ?

ಅಜ್ಜಿ ಉತ್ತರ ಕೊಡಲಿಲ್ಲ. "ಮೊದಲು ಆ ನಾಯಿ ವಿಷಯ ಇತ್ಯರ್ಥ ಆಗಲಿ" ಅಂದಳು.

ಯಾವ ನಾಯಿ ಎಂಬುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಸಾವಿರ ವರ್ಷದ ಹಿಂದಿನ ನಾಯಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949–50ರ ಶಾಸನದಲ್ಲಿ ಅದರ ಕಥೆಯಿದೆ. ತಕ್ಕೋಲಂ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೆರನಿಗೆ ಬೇಕಾದ್ದು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕೆಳಲೆ ನಾಡಿನ ಬೆಳತೂರ ಗುಡ್ಡದ ಬಳಿ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದು ಶಾಪವನ್ನೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

"ನಾಯಿಗೆ ಹೆಸರೈತೆ. ನಾಯಿ ಕೊಟ್ಟವನಿಗೆ ಹೆಸರೈತೆ, ಇಸ್ಕೊಂಡವನಿಗೆ ಐತೆ. ನಮ್ಮೋನಿಗೆ? ದೊಡ್ಡ ಹಂದಿ. ಅಷ್ಟೇ. ಜೊತೇಲೇ ಸತ್ತವನು ಕಣಯ್ಯ! ಚಿತ್ರ ಮಾತ್ರ ಕೆತ್ತವ್ರೆ. ಫೋಟೋ ಹಾಕಿ ಹೆಸರು ಬಿಟ್ಟಂಗೆ."

ಚಿತ್ರ ಕೆತ್ತಿದ್ದು ನಿಜ. ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿವೆ. ಅಂಕಣಕಾರರು ಅದನ್ನು ಒಪ್ಪಿಕೊಂಡು, ಅಜ್ಜಿಯನ್ನು ಸಮಾಧಾನಪಡಿಸಲು ಬಾದಾಮಿ ಚಾಲುಕ್ಯರ ವರಾಹ ಲಾಂಛನವನ್ನು, ವಿಜಯನಗರದವರ ವರಾಹ ನಾಣ್ಯವನ್ನು ನೆನಪಿಸಿದರು. ಅವಳು ಮೂಗಿನಿಂದ ಕೆಸರು ಹಾರಿಸಿದಳು. ಅದು ದೇವರ ಲೆಕ್ಕ, ಹಂದಿಯ ಲೆಕ್ಕವಲ್ಲ ಎಂಬುದು ಅವಳ ವಾದ. ಭೂಮಿಯನ್ನು ಎತ್ತಿಕೊಟ್ಟಾಗ ದೇವರು, ಅದೇ ಭೂಮಿಯನ್ನು ನಾಲ್ಕು ಬೆರಳು ಕೆದಕಿದರೆ ಕಳ್ಳ.

ಮಾತು ಗಂಭೀರವಾಗಲಿ ಎಂದು ಅಂಕಣಕಾರರು ಗುಡ್ಡಗಳ ವಿಷಯ ತೆಗೆದರು. ಪಕ್ಕದ ಚಿಕ್ಕನಾಯಕನಹಳ್ಳಿಯ ಕಡೆ ಅದಿರಿಗಾಗಿ ಗುಡ್ಡಗಳನ್ನು ಅಗೆದದ್ದು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೂ ತಡೆ ಹಾಕಿದ್ದು, ಅಷ್ಟರಲ್ಲಿ ಲಾರಿಗಳ ಕೆಂಧೂಳು ತೆಂಗಿನ ಗರಿಯ ಮೇಲೆ ಕೂತಾಗಿದ್ದು. ಇದಲ್ಲವೇ ಹಂದಿಗಳ ನಿಜವಾದ ದೂರು? ನೆಲೆ ಹೋದದ್ದರಿಂದಲ್ಲವೇ ಹೊಲಕ್ಕೆ ಇಳಿದದ್ದು?

"ಇರಬೈದು. ಚಿಕ್ಕನಾಯಕ ಅಂತಂದ್ಯಲ್ಲ, ಅವನೂ ನಮ್ಮ ಹಾಗಲವಾಡಿ ಪಾಳೆಯಗಾರರ ಮನೆಯವನೇ. ಅವನ ಹೆಸರಲ್ಲಿ ಒಂದು ಊರೇ ಐತೆ. ನಾಯಿ ಹೆಸರಲ್ಲಿ ಕಲ್ಲೈತೆ. ನಮ್ಮ ಹೆಸರಲ್ಲಿ?"

ಗುಡ್ಡದ ವಿಷಯ ಅಲ್ಲಿಗೆ ಮುಗಿಯಿತು. ಸಂದರ್ಶನದುದ್ದಕ್ಕೂ ಅಜ್ಜಿಯ ಬಳಿ ಇದ್ದದ್ದು ಇದೊಂದೇ ದೂರು. ಬೇರೆ ಯಾವ ಅನ್ಯಾಯವನ್ನು ಮುಂದಿಟ್ಟರೂ ಅವಳು ಅದನ್ನು ಮೂಸಿ ಬಿಟ್ಟು ಬೆಳತೂರ ಗುಡ್ಡಕ್ಕೇ ಹೋಗುತ್ತಿದ್ದಳು.

ಎರೆಯ ವಿಷಯಕ್ಕೆ ಅವಳನ್ನು ತಂದದ್ದೂ ಆ ಗುಡ್ಡವೇ. ಕಾಳಿಯ ಕಾಲದಲ್ಲಿ ಕೊಲ್ಲಲು ಬಂದವರು ಎದುರಿಗೆ ಬರುತ್ತಿದ್ದರು, ಈಗಿನವರು ಊಟ ಇಟ್ಟು ಮನೆಯಲ್ಲಿ ಮಲಗುತ್ತಾರೆ ಎಂದು ಶುರುಮಾಡಿದಳು. ಆ ಊಟವಾದರೂ ಎಂಥದ್ದು? ಒಣಮೀನು. "ಕಡಲು ಕಂಡ ಹಂದಿ ಹಾಗಲವಾಡೀಲಿ ಯಾವುದಾದ್ರೂ ಐತಾ? ಆ ವಾಸನೆ ಒಂದು ಹರದಾರಿಗೆ ಬತ್ತದೆ ನಿಜ. ವಾಸನೆ ಬಂತು ಅಂತ ರುಚಿ ಐತೆ ಅಂತಲ್ಲ." ಕೋಳಿಯಂಗಡಿಯ ಕರುಳು ಅವಳ ಪ್ರಕಾರ ನಾಯಿಗೆ ಸರಿ, ಅಲ್ಲಿಗೆ ಮತ್ತೆ ಕಾಳಿ. ಬೆಲ್ಲ ಹಾಕಿ ಕಲಸಿದ ಕಡಲೆಕಾಯಿ ಹಿಂಡಿಗೆ ಪಾಸು ಮಾರ್ಕು. ಗೆಣಸಿಗೆ ಮೊದಲ ದರ್ಜೆ, ಆದರೆ ಅದನ್ನು ಹೊಲದಿಂದಲೇ ತೆಗೆದುಕೊಳ್ಳಬಹುದಾದ್ದರಿಂದ ಬೋನಿನೊಳಗೆ ಹೋಗಿ ತಿನ್ನುವುದು ಮೂರ್ಖತನ. ಮುಸುಕಿನ ಜೋಳ ಹಾಲುಗಾಳಿನಲ್ಲಿದ್ದರೆ ಮಾತೇ ಬೇಡ. ಮೊಳಕೆಯೊಡೆದ ತೆಂಗಿನ ಸಸಿಯ ಬುಡದ ಕಾಯಿಯನ್ನು ಬಣ್ಣಿಸುವಾಗ ಅವಳ ಬಾಯಲ್ಲಿ ನೀರೂರಿತು. ಆ ಸಸಿ ಫಲ ಕೊಡಲು ರೈತ ಎಷ್ಟು ವರ್ಷ ಕಾಯಬೇಕಿತ್ತು ಎಂಬುದು ಅವಳ ಗಮನಕ್ಕೆ ಬರಲಿಲ್ಲ.

"ಹಲಸು?" ಎಂದರು ಅಂಕಣಕಾರರು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಲೇಬೇಕು. ಅಂಕಣಕಾರರಿಗೆ ಹಲಸಿನ ಹುಚ್ಚು. ಹೇಮಾವತಿ ನಾಲೆಯ ಬಗ್ಗೆ ಬರೆಯಲು ಕಳಿಸಿದರೂ ನಾಲೆಯ ಏರಿಯ ಮೇಲಿನ ಹಲಸಿನ ಮರದ ಬಗ್ಗೆ ಬರೆದುಕೊಂಡು ಬರುವವರು. ಹಾಗಲವಾಡಿಯ ನೆರೆಯ ಹೋಬಳಿ ಚೇಳೂರು. ಹಂಗಾಮಿನಲ್ಲಿ ಅಲ್ಲಿನ ಹಲಸಿನ ವ್ಯಾಪಾರಕ್ಕೆ ಹೊರರಾಜ್ಯದ ಲಾರಿಗಳೂ ಬಂದು ನಿಲ್ಲುತ್ತವೆ. ಅದೇ ಚೇಳೂರಿನ ರೈತರೊಬ್ಬರ ತೋಟದಲ್ಲಿ ಅವರ ತಂದೆ ನೆಟ್ಟ ಮರವೇ ಇವತ್ತಿನ ಪ್ರಸಿದ್ಧ 'ಸಿದ್ದು' ಹಲಸು. ತಾಮ್ರಗೆಂಪು ತೊಳೆ, ಎರಡೂವರೆ ಕೆ.ಜಿ. ಆಸುಪಾಸಿನ ಚಿಕ್ಕ ಹಣ್ಣು. ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿದರು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ರೈತರೊಂದಿಗೆ ಒಪ್ಪಂದ ಮಾಡಿಕೊಂಡು, ಕಸಿ ಗಿಡ ಮಾರಿದ ಹಣದ ಪಾಲು ಮರದ ಮಾಲೀಕರಿಗೇ ಹೋಗುವಂತೆ ಮಾಡಿತು. ಒಂದು ಮರದಿಂದ ಒಂದು ಮನೆ ಲಕ್ಷಗಟ್ಟಲೆ ದುಡಿದ ಕಥೆಯನ್ನು ಅಂಕಣಕಾರರು ಕೆಸರುಗುಂಡಿಯ ದಡದಲ್ಲಿ ಮರಿಗಳು ನಿದ್ದೆ ಹೋಗುವವರೆಗೆ ಹೇಳಿದರು.

"ಮುಗೀತಾ?" ಅಂದಳು ಅಜ್ಜಿ. "ಮರದ ಕೆಳಗೆ ಬಿದ್ದಿದ್ದು ತಿಂತೀವಿ. ಕೆಂಪೋ ಹಳದಿಯೋ ರಾತ್ರಿ ಹೊತ್ತು ಯಾರು ನೋಡ್ತಾರೆ?"

ಅಂಕಣಕಾರರಿಗೆ ಇದು ನೋವಾಯಿತು. ಆದರೂ ಕೈಯಲ್ಲಿದ್ದ ಕಡತ ಬಿಚ್ಚಿ ಹೊರದೇಶದ ಸುದ್ದಿ ಓದಿದರು. ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಹಂದಿಯದೇ ದೊಡ್ಡ ತಲೆನೋವು. ಸ್ಪೇನಿನವರು ಹದಿನಾರನೇ ಶತಮಾನದಲ್ಲಿ ತಂದ ಸಾಕುಹಂದಿಗಳ ಸಂತತಿಗೆ ಆಮೇಲೆ ಯುರೋಪಿನ ಕಾಡುಹಂದಿಯ ರಕ್ತವೂ ಸೇರಿ ಬೆಳೆದ ಪಡೆ ಅದು. ಹೆಲಿಕಾಪ್ಟರಿನಲ್ಲಿ ಕೂತು ಅವುಗಳಿಗೆ ಗುಂಡು ಹೊಡೆಯುವುದಕ್ಕೆ ದುಡ್ಡು ಕೊಟ್ಟು ಬರುವವರಿಗೂ 2011ರಲ್ಲಿ ಅಲ್ಲಿ ಕಾನೂನು ದಾರಿ ಮಾಡಿಕೊಟ್ಟಿತು. ಅಷ್ಟೆಲ್ಲ ಮಾಡಿಯೂ ಅಲ್ಲಿನವರು ಕೊನೆಗೆ ನಂಬುವುದು ಮುಸುಕಿನ ಜೋಳವನ್ನು. ಅದೂ ನೀರಿನಲ್ಲಿ ನೆನೆಹಾಕಿ ಹುಳಿಬರಿಸಿದ ಜೋಳ. ಗಬ್ಬುನಾತ ಹೊಡೆಯುವ ಆ ಜೋಳಕ್ಕೆ ಹಂದಿ ಓಡಿ ಬರುತ್ತದೆ, ಜಿಂಕೆಯಂಥವು ಅಷ್ಟಾಗಿ ಮೂಗಿಡುವುದಿಲ್ಲ. ಬೋನನ್ನು ಬಾಗಿಲು ತೆರೆದೇ ಇಟ್ಟು ಎರಡು ವಾರದ ತನಕ ಅಲ್ಲಿ ದಿನವೂ ಜೋಳ ಸುರಿಯುತ್ತಾರೆ. ಹಿಂಡು ಪೂರ್ತಿ ಒಳಗೆ ಬಂದು ಹೋಗುವುದು ರೂಢಿಯಾಗಿದೆ ಎಂದು ಕ್ಯಾಮೆರಾದಲ್ಲಿ ಖಾತ್ರಿಯಾದ ರಾತ್ರಿ ಮೊಬೈಲಿನಿಂದಲೇ ಬಾಗಿಲು ಬೀಳಿಸುತ್ತಾರೆ. ಅರ್ಧ ಹಿಂಡು ಹಿಡಿದರೆ ಉಳಿದರ್ಧ ಪಾಠ ಕಲಿತು ಮತ್ತೆ ಬೋನಿನ ಕಡೆ ತಲೆಹಾಕುವುದಿಲ್ಲ.

ಅಜ್ಜಿ ಮೊದಲ ಬಾರಿಗೆ ಕಿವಿ ನಿಮಿರಿಸಿದಳು. "ಎರಡು ವಾರ ಪುಕ್ಕಟೆ ಊಟ ಹಾಕ್ತಾರಾ? ಇಲ್ಲಿ ಒಂದು ರಾತ್ರಿ ಇಟ್ಟು ಬೆಳಗ್ಗೆ ಬಂದು ನೋಡ್ತಾರೆ, ಇನ್ನೂ ಸತ್ತಿಲ್ವಾ ಅಂತ."

ವಿಷದ ಎರೆಯ ಕಥೆ ಇನ್ನೂ ಸ್ವಾರಸ್ಯ. 2017ರ ಆರಂಭದಲ್ಲಿ ಅಮೆರಿಕ ಸರ್ಕಾರ ವಾರ್ಫರಿನ್ ಬೆರೆಸಿದ ಹಂದಿ ತಿಂಡಿಯೊಂದಕ್ಕೆ ಅನುಮತಿ ಕೊಟ್ಟಿತು. ವಾರ್ಫರಿನ್ ಎಂದರೆ ಇಲಿಪಾಷಾಣವೂ ಹೌದು, ಹೃದ್ರೋಗಿಗಳ ರಕ್ತ ತೆಳ್ಳಗಾಗಿಸುವ ಮಾತ್ರೆಯೂ ಹೌದು. ಟೆಕ್ಸಾಸಿನ ಕೃಷಿ ಕಮಿಷನರ್ ಅದಕ್ಕೆ ಉಘೇ ಎಂದರು. ಎದ್ದುನಿಂತು ವಿರೋಧಿಸಿದವರು ಪ್ರಾಣಿದಯೆಯವರಷ್ಟೇ ಅಲ್ಲ, ಹಂದಿ ಬೇಟೆಗಾರರೂ ಕೂಡ. ವಿಷ ತಿಂದ ಹಂದಿಯ ಮಾಂಸ ಯಾರ ತಟ್ಟೆಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಏಪ್ರಿಲಿನಷ್ಟೊತ್ತಿಗೆ ಕಂಪನಿ ಟೆಕ್ಸಾಸಿನಿಂದ ಕೈತೊಳೆದುಕೊಂಡಿತು. ಮರುವರ್ಷ ಸೋಡಿಯಂ ನೈಟ್ರೈಟ್ ಬೆರೆಸಿದ ಇನ್ನೊಂದು ಎರೆಯ ಪ್ರಯೋಗ ನಡೆಯಿತು. ಹಂದಿಯ ಮೂತಿಗಷ್ಟೇ ಎತ್ತಲಾಗುವ ಭಾರದ ಮುಚ್ಚಳದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹಂದಿ ತಿನ್ನುವಾಗ ಉದುರಿಸಿದ ಚೂರು ಹೆಕ್ಕಿ ಹಕ್ಕಿಗಳು ಸತ್ತವು. ಪ್ರಯೋಗ ನಿಂತಿತು.

ಗಮನಿಸಬೇಕಾದ್ದು ಅದೇ. ಎರೆ ಎಷ್ಟು ರುಚಿ ಎಂಬುದು ಸಣ್ಣ ಪ್ರಶ್ನೆ. ಬೇರೆ ಯಾರು ಅದನ್ನು ತಿನ್ನಬಹುದು ಎಂಬುದು ದೊಡ್ಡದು. ಅಲ್ಲಿನವರು ಹಕ್ಕಿ ಸತ್ತದ್ದಕ್ಕೆ ಕೆಲಸ ನಿಲ್ಲಿಸಿ ಮುಚ್ಚಳ ತಿದ್ದಲು ಕೂತರು.

"ಹಾಗಾದರೆ ಹುಳಿಬರಿಸಿದ ಹಲಸು?" ಎಂದು ಅಂಕಣಕಾರರು ಮತ್ತೆ ಎದ್ದರು. ಜೋಳಕ್ಕೆ ದುಡ್ಡು ಬೇಕು. ಹಲಸು ನಮ್ಮಲ್ಲಿ ಬಿದ್ದು ಕೊಳೆಯುತ್ತದೆ. ಹಂಗಾಮಿನಲ್ಲಿ ವ್ಯರ್ಥವಾಗುವ ಹಣ್ಣನ್ನೆಲ್ಲ ಡ್ರಮ್ಮಿಗೆ ತುಂಬಿ ಹುಳಿಬರಿಸಿದರೆ ಊರೂರಿಗೆ ಬೋನಿಡಬಹುದು. ಬೀಜ, ತಿರುಳು, ಸಿಪ್ಪೆ ಯಾವುದೂ ವ್ಯರ್ಥವಾಗುವುದಿಲ್ಲ. ಮೌಲ್ಯವರ್ಧನೆ!

"ಅಲ್ಲ ಕಣಪ್ಪ, ನೀನು ನನ್ನ ಮಾತಾಡ್ಸೋಕೆ ಬಂದ್ಯೋ, ಹಲಸಿನ ಮೇಳಕ್ಕೆ ಬಂದ್ಯೋ?"

ಅಂಕಣಕಾರರು ನಾಚಿ ಕಾನೂನಿನ ಪುಟ ತಿರುಗಿಸಿದರು. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಹಾಗೆಂದು ಬೆಳೆ ತಿಂದರೂ ಮುಟ್ಟುವಂತಿಲ್ಲ ಎಂದೇನಲ್ಲ. ನಿಂತ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕಾರಣ ಬರೆದು ಕೊಲ್ಲಲು ಅನುಮತಿ ಕೊಡಬಹುದೆಂದು ಕಾಯ್ದೆಯ 11ನೇ ಕಲಮೇ ಹೇಳುತ್ತದೆ. 62ನೇ ಕಲಮಿನಲ್ಲಿ ಇನ್ನೊಂದು ದಾರಿ: ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಂದಿಯನ್ನು ಪೀಡಕ ಪ್ರಾಣಿ ಎಂದು ಸಾರಬಹುದು. 2015ರ ಕೊನೆಗೆ ಬಿಹಾರದ ಕೆಲವು ಜಿಲ್ಲೆಗಳಲ್ಲಿ, 2016ರಲ್ಲಿ ಉತ್ತರಾಖಂಡದಲ್ಲಿ ಹಾಗೆ ಸಾರಿತು. ಕೇರಳ ಕೇಳಿದಾಗಲೆಲ್ಲ ಇಲ್ಲ ಎಂದಿತು. ಕೊನೆಗೆ ಕೇರಳ 2022ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಕೈಗೇ ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಕೊಂದ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು ಎಂಬ ನಿಯಮವೂ ಜೊತೆಗಿತ್ತು.

"ಹೂಳೋದಾ? ಕಲ್ಲು ಇಕ್ತಾರಾ ಮೇಲೆ?"

ಇಲ್ಲ ಎಂದರು ಅಂಕಣಕಾರರು. "ನೋಡಿದ್ಯಾ" ಎಂದಳು ಅಜ್ಜಿ.

ಬೆಳೆ ವಿಮೆಯ ವಿಷಯಕ್ಕೆ ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿ ಹಾವಳಿಗೂ ರಕ್ಷಣೆ ಎಂದು ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು, 2026ರ ಮುಂಗಾರಿನಿಂದ ಜಾರಿಗೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ರೈತ 72 ಗಂಟೆಯೊಳಗೆ ಆ್ಯಪಿನಲ್ಲಿ ಜಾಗದ ಗುರುತಿನ ಸಮೇತ ಫೋಟೋ ಹಾಕಬೇಕು. ಯೋಜನೆ ಕೆಟ್ಟದ್ದೇನಲ್ಲ. ಹೊಲದಲ್ಲಿ ಸಿಗ್ನಲ್ ಸಿಗದವನು ಫೋಟೋ ಹಿಡಿದು ಗುಡ್ಡ ಹತ್ತಬೇಕಾಗುತ್ತದೆ, ಅಷ್ಟೇ.

"ನಾನೇ ನಿಂತು ಫೋಟೋ ಕೊಡ್ತೀನಿ ಬಿಡು" ಎಂದಳು ಅಜ್ಜಿ. "ಕೆಳಗೆ ಹೆಸರು ಬರೀಬೇಕು ಮಾತ್ರ."

ಸೀರೆಯ ಬಗ್ಗೆಯೂ ಒಂದು ಮಾತು ಬಂತು. ಮೊದಲ ರಾತ್ರಿ ಹೆಂಗಸರು ಸಾಲಾಗಿ ನಿಂತಿದ್ದಾರೆಂದು ಹಿಂಡು ಹೆದರಿದ್ದು ನಿಜವಂತೆ. ನಾಲ್ಕು ರಾತ್ರಿಯಾದರೂ ಒಬ್ಬರೂ ಕೆಮ್ಮದಿದ್ದಾಗ ಗುಟ್ಟು ರಟ್ಟಾಯಿತಂತೆ.

ಅಂಕಣಕಾರರು ಆಗ ಕೇಳಲೇಬೇಕಾದ್ದನ್ನು ಕೇಳಿದರು. ಬಡ್ಡಿಗೆ ಸಾಲ ತಂದು ಬಿತ್ತಿದ ಒಂದೆಕರೆ ಕಡಲೆಕಾಯಿ ಒಂದೇ ರಾತ್ರಿಗೆ ಹೋದರೆ ಆ ಮನೆಯವರು ಏನು ಮಾಡಬೇಕು? ಮಳೆ ನಂಬಿದ ಹೋಬಳಿ ಇದು. ಕೆರೆಗೆ ಹೇಮಾವತಿ ನೀರು ಬರುತ್ತದೆಂದು ಕಾದು ಕಾದು ಕೂದಲು ನರೆತವರ ಊರು. ರಾಗಿ ಕೈಗೆ ಬರುವ ವಾರ ರೈತ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಡಬ್ಬ ಬಡಿಯುತ್ತಾನೆ, ಹೆಂಡತಿ ಇನ್ನೊಂದು ಮೂಲೆಯಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾಳೆ. ಇದಕ್ಕೇನು ಉತ್ತರ?

ಅಜ್ಜಿ ಮರಿಯೊಂದರ ಬೆನ್ನು ನೆಕ್ಕಿದಳು. ಕಾಳಿಗೆ ಬಿಟ್ಟ ಭೂಮಿಯ ಪಹಣಿ ಈಗ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದಳು.

ಉತ್ತರ ಸಿಗದಿದ್ದಾಗ ಅಂಕಣಕಾರರು ತಮ್ಮ ದಾರಿಗೆ ಮರಳಿದರು. "ಹೋಗಲಿ ಅಜ್ಜಿ, ಒಂದು ಒಳ್ಳೇ ಹಲಸಿನ ಹಣ್ಣು ಸಿಕ್ಕರೆ, ಚೇಳೂರಿಂದೇ, ಬದುವಿನ ಮೇಲೆ, ಪರಿಮಳ ಹೊಡೀತಾ..."

"ಅದರೊಳಗೆ ಮದ್ದಿದ್ರೆ?"

ಅಂಕಣಕಾರರು ಬಾಯಿ ಮುಚ್ಚಿದರು.

ಇಲ್ಲಿಂದ ಮುಂದಿನದು ತಮಾಷೆಯಲ್ಲ. ಮದ್ದಿಗೆ ಸಿಕ್ಕ ಅಜ್ಜಿಯ ಹಿರಿಮಗಳು ಹಿಂಡಿನಲ್ಲಿ ಇರಲಿಲ್ಲ. ಸಿಡಿಮದ್ದು ಎಂಬುದು ಕಚ್ಚಿದ ಬಾಯಿಯಲ್ಲಿ ಸಿಡಿಯುವಂಥದ್ದು. ಮೇಲೆ ಮಾಂಸವೋ ಮೀನೋ ಹಣ್ಣೋ ಸುತ್ತಿರುತ್ತದೆ. ಅದು ಎಷ್ಟೋ ಸಲ ಕೂಡಲೇ ಕೊಲ್ಲುವುದೂ ಇಲ್ಲ. ದವಡೆ ಒಡೆಯುತ್ತದೆ, ನಾಲಿಗೆ ಹರಿಯುತ್ತದೆ. ಆ ಪ್ರಾಣಿ ತಿನ್ನಲಾಗದೆ, ಕುಡಿಯಲಾಗದೆ, ಗಾಯಕ್ಕೆ ಹುಳು ಬಿದ್ದು ದಿನಗಟ್ಟಲೆ ನಡೆದಾಡಿ ಸಾಯುತ್ತದೆ. ಇಟ್ಟವನು ಮರುದಿನ ಬಂದು ನೋಡಿದರೆ ರಕ್ತ ಸಿಗುತ್ತದೆ, ಹಂದಿ ಸಿಗುವುದಿಲ್ಲ. ಬೆಳೆ ಕಾಯುವುದಕ್ಕೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಇಡುವವರಲ್ಲಿ ಬೆಳೆ ಕಳಕೊಂಡ ರೈತನಿಗಿಂತ ಮಾಂಸ ಮಾರುವವರೇ ಜಾಸ್ತಿ ಎಂಬುದು ಹಳ್ಳಿಗಳಲ್ಲಿ ಎಲ್ಲರೂ ಪಿಸುಗುಟ್ಟುವ ಮಾತು.

ಮದ್ದಿಗೆ ಹಂದಿಯ ಗುರುತು ಸಿಗುವುದಿಲ್ಲ. ಕೇರಳದ ಸೈಲೆಂಟ್ ವ್ಯಾಲಿಯ ಅಂಚಿನಲ್ಲಿ, ಪಾಲಕ್ಕಾಡ್ ಜಿಲ್ಲೆಯಲ್ಲಿ, 2020ರ ಮೇ 27ರಂದು ಬಸುರಿ ಆನೆಯೊಂದು ವೆಳ್ಳಿಯಾರ್ ಹೊಳೆಯಲ್ಲಿ ನಿಂತಲ್ಲೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಅದು ಕಚ್ಚಿದ್ದು ಆನೆಗೆಂದು ಇಟ್ಟದ್ದಲ್ಲ, ಹಂದಿಗೆಂದು ಇಟ್ಟ ಎರೆ. ಮೊದಲು ಅನಾನಸ್ ಎಂದರು, ತನಿಖೆಯಲ್ಲಿ ತೆಂಗಿನಕಾಯಿ ಎಂದು ಬಂತು. ಸೊಂಡಿಲನ್ನೂ ಬಾಯಿಯನ್ನೂ ನೀರಿನಲ್ಲಿ ಮುಳುಗಿಸಿ ನಿಂತ ಆ ಆನೆಗೆ ಏನಾಗಿದೆಯೆಂದು ಹೊರಗಿನವರಿಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅದೇ ದಿನಗಳಲ್ಲಿ ಹಿಮಾಚಲದ ಬಿಲಾಸ್‌ಪುರದಲ್ಲಿ ಗಬ್ಬದ ಹಸುವೊಂದರ ದವಡೆ ಹಿಟ್ಟಿನ ಉಂಡೆಯಲ್ಲಿದ್ದ ಮದ್ದಿಗೆ ಛಿದ್ರವಾಯಿತು. ಆನೆಯ ಸುದ್ದಿ ಜಗತ್ತು ಸುತ್ತಿತು. ಹಸುವಿನ ಸುದ್ದಿ ಎರಡು ದಿನ ಓಡಿತು. ಕರ್ನಾಟಕದ ಹಳ್ಳಿಗಳಲ್ಲಿ ಬದುವಿನ ಹುಲ್ಲು ಮೇಯುತ್ತ ಬಾಯಿ ಕಳಕೊಂಡ ಹಸುಗಳು ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಡೇರಿಗೆ ಹಾಲು ಹಾಕಿ ವಾರದ ಬಟವಾಡೆಯಲ್ಲಿ ಮಕ್ಕಳ ಫೀಜು ಕಟ್ಟುವ ಮನೆಗೆ ಅದು ನಾಲ್ಕು ಸಾಲಿನ ವಿಷಯವೇ? ದವಡೆಯಿಲ್ಲದ ಹಸುವಿಗೆ ಪಶುವೈದ್ಯರು ಹೊಲಿಗೆ ಎಲ್ಲಿಗೆ ಹಾಕಬೇಕು? ಬದುವಿನಲ್ಲಿ ಬಿದ್ದ ಉಂಡೆಯನ್ನು ಚೆಂಡೆಂದು ಎತ್ತಿಕೊಳ್ಳುವುದು ಮಗುವಾದರೆ?

ಕ್ಲಚ್ ವೈರಿನ ಉರುಳೂ ಇದೇ ಜಾತಿಯದು. ಹಂದಿಗೆಂದು ಬಿಗಿದದ್ದಕ್ಕೆ ಚಿರತೆ ಬೀಳುವುದು ಈ ಜಿಲ್ಲೆಗೆ ಹೊಸದಲ್ಲ. ಬೇಲಿಗೆ ನೇರ ಕರೆಂಟು ಹರಿಸುವವರ ಕಥೆ ಇನ್ನೂ ಘೋರ. ಸೋಲಾರ್ ಬೇಲಿ ಜುಮ್ ಎನಿಸಿ ಬಿಡುತ್ತದೆ. ಕಂಬದಿಂದ ಎಳೆದ ತಂತಿ ಬಿಡುವುದಿಲ್ಲ. ಕತ್ತಲಲ್ಲಿ ಮೋಟರು ಹಾಕಲು ಹೋದ ಪಕ್ಕದ ಹೊಲದವನು, ಕೆಲವೊಮ್ಮೆ ತಂತಿ ಎಳೆದವನೇ, ಬೆಳಗ್ಗೆ ಬದುವಿನಲ್ಲಿ ಬಿದ್ದಿರುತ್ತಾನೆ. ಹಂದಿ ಇನ್ನೊಂದು ಕಡೆಯಿಂದ ನುಗ್ಗಿ ತಿಂದು ಹೋಗಿರುತ್ತದೆ.

ಕಾನೂನಿನಲ್ಲಿ ದಾರಿ ಇಲ್ಲದಿದ್ದರೆ ಈ ಮಾತು ಬೇರೆಯಾಗುತ್ತಿತ್ತು. ದಾರಿ ಇದೆ. ಹಾಳಾದ ಬೆಳೆಗೆ ಅರಣ್ಯ ಇಲಾಖೆಯ ಪರಿಹಾರವೂ ಇದೆ. ಅರ್ಜಿ ಬರೆದವನು ರೇಂಜ್ ಕಚೇರಿಗೆ ಅಲೆದು ಚಪ್ಪಲಿ ಸವೆಸುವಷ್ಟರಲ್ಲಿ ಮುಂದಿನ ಬೆಳೆಯೂ ನೆಲಸಮವಾದರೆ, ಊರಲ್ಲಿ ಮದ್ದು ಮಾರುವವನಿಗೆ ಗಿರಾಕಿ ಸಿಕ್ಕಂತೆ. ಊರಿಗೆ ನಾಲ್ಕು ಬೋನು, ಎರಡು ವಾರದ ಜೋಳ, ಇಡೀ ಹಿಂಡನ್ನು ಒಮ್ಮೆಗೇ ಹಿಡಿಯಬಲ್ಲ ತರಬೇತಾದ ತಂಡ, ಹಿಡಿದ ಮೇಲೆ ಏನೆಂದು ಮೊದಲೇ ಬರೆದಿಟ್ಟ ಆದೇಶ. ಸಾವಿರ ಕೋಟಿಯ ನಾಲೆಗಳ ಬಗ್ಗೆ ಜಗಳವಾಡುವ ಜಿಲ್ಲೆಯಲ್ಲಿ ಇದು ಕೇಳಬಾರದಷ್ಟು ದೊಡ್ಡ ಬೇಡಿಕೆಯಲ್ಲ. ಹಲಸಿನ ಡ್ರಮ್ಮನ್ನು ಬೇಕಾದರೆ ಅಂಕಣಕಾರರೇ ಒದಗಿಸುತ್ತಾರೆ.

ಹಿಂಡು ಎದ್ದಿತು. ಹಿರಿಮಗಳ ವಿಷಯ ಅಜ್ಜಿ ಮತ್ತೆ ಎತ್ತಲಿಲ್ಲ. "ಆ ಕಸ್ತೂರಬಾ ರಸ್ತೆ ಕಡೆ ಹೋದ್ರೆ ಕೇಳು, ಕಲ್ಲಲ್ಲಿ ಒಂದು ಸಾಲಿನ ಜಾಗ ಉಳಿದೈತಾ ಅಂತ" ಎಂದಷ್ಟೇ ಹೇಳಿ ಜಾಲಿಯೊಳಗೆ ಹೋದಳು.

ಓದುಗರಲ್ಲಿ ಒಂದು ಕೋರಿಕೆ. ಹೊಲದ ಬದುವಿನಲ್ಲೋ, ಪೊದೆಯ ಬುಡದಲ್ಲೋ ಮಾಂಸ, ಮೀನಿನ ವಾಸನೆಯ ಉಂಡೆಯಾಗಲಿ, ಕೊರೆದು ಮುಚ್ಚಿದಂತೆ ಕಾಣುವ ಹಣ್ಣಾಗಲಿ ಕಂಡರೆ ಮುಟ್ಟಬೇಡಿ, ಕಾಲಿನಿಂದಲೂ ಒದೆಯಬೇಡಿ. ದನವನ್ನೂ ಮಕ್ಕಳನ್ನೂ ಆ ಕಡೆ ಬಿಡಬೇಡಿ. ಪೊಲೀಸರ 112ಕ್ಕೆ ಇಲ್ಲವೇ ಅರಣ್ಯ ಸಹಾಯವಾಣಿ 1926ಕ್ಕೆ ಕೂಡಲೇ ಫೋನ್ ಮಾಡಿ, ಅವರು ಬರುವವರೆಗೆ ಯಾರಾದರೊಬ್ಬರು ದೂರದಲ್ಲಿ ಕಾವಲು ನಿಲ್ಲಿ.